ಅತ್ತೆ ಹಾಕಿದ ಬಾಂಬಿಗೆ ಲೆಕ್ಕವಿಲ್ಲ

ಅಮೆರಿಕ ಕೊನೆಯ ಬಾರಿಗೆ ವಿಧಿವತ್ತಾಗಿ ಯುದ್ಧ ಸಾರಿದ್ದು 1942ರ ಜೂನ್ ತಿಂಗಳಲ್ಲಿ. ಬಲ್ಗೇರಿಯಾ, ಹಂಗೇರಿ, ರುಮೇನಿಯಾಗಳ ಮೇಲೆ. ಆಮೇಲೆ ಆ ದೇಶ ಕಾಗದದ ಮಟ್ಟಿಗೆ ಯಾರ ತಂಟೆಗೂ ಹೋಗಿಲ್ಲ. ಕೊರಿಯಾದಲ್ಲಿ ನಡೆದದ್ದು ಯುದ್ಧವಲ್ಲ, ಪೊಲೀಸ್ ಕಾರ್ಯಾಚರಣೆ. ಹೌದು, ಅದು ಅಷ್ಟೇ ಎಂದು ಅಧ್ಯಕ್ಷ ಟ್ರೂಮನ್ ಅವರೇ ಒಪ್ಪಿದ್ದರು. 36 ಸಾವಿರಕ್ಕೂ ಹೆಚ್ಚು ಅಮೆರಿಕನ್ ಸೈನಿಕರು ಸತ್ತ ಪೊಲೀಸ್ ಕಾರ್ಯಾಚರಣೆ. ವಿಯೆಟ್ನಾಮಿಗೆ ಸಂಸತ್ತಿನ ಒಂದು ಠರಾವು ಸಿಕ್ಕಿತು, ಇರಾಕಿಗೆ ಇನ್ನೊಂದು. ಲಿಬಿಯಾಕ್ಕೆ ಅದೂ ಇಲ್ಲ. ಯುದ್ಧ ಸಾರುವ ಅಧಿಕಾರ ಕಾಂಗ್ರೆಸ್ಸಿನದು (ನಮ್ಮದಲ್ಲ, ಅವರ ಸಂಸತ್ತು) ಎಂದು ಅಲ್ಲಿನ ಸಂವಿಧಾನದ ಮೊದಲನೆಯ ವಿಧಿಯೇ ಹೇಳುತ್ತದೆ. ಆ ಲೆಕ್ಕದಲ್ಲಿ ಬಲ್ಗೇರಿಯಾದವರು ಪುಣ್ಯವಂತರು. ಅವರಿಗೆ ಕ್ರಮವಾಗಿ ಕರೆಯೋಲೆಯಾದರೂ ಹೋಗಿತ್ತು.

ನಮ್ಮಲ್ಲಿ ಒಂದು ಗಾದೆಯಿದೆ: ಅತ್ತೆ ಒಡೆದ ಪಾತ್ರೆಗೆ ಬೆಲೆಯಿಲ್ಲ. ಸೊಸೆಯ ಕೈಯಿಂದ ಜಾರಿದರೆ ಅದು ತವರಿನ ಸಂಸ್ಕಾರದ ಪ್ರಶ್ನೆ. ಅತ್ತೆಯ ಕೈಯಿಂದ ಜಾರಿದರೆ ಹೇಗೂ ಹಳೆಯ ಪಾತ್ರೆ, ಹೋಗಲಿ ಬಿಡಿ. ಈ ಗಾದೆಯನ್ನು ವಾಷಿಂಗ್ಟನ್ನಿನಷ್ಟು ಶ್ರದ್ಧೆಯಿಂದ ಪಾಲಿಸುವ ಮನೆ ನಮ್ಮ ಸೀಮೆಯಲ್ಲೇ ಇಲ್ಲ. ಅಲ್ಲಿಯ ವಿಶೇಷವೆಂದರೆ ನಾಲ್ಕು ಅಥವಾ ಎಂಟು ವರ್ಷಕ್ಕೊಮ್ಮೆ ಅತ್ತೆ ಸೊಸೆಯಾಗುತ್ತಾಳೆ, ಸೊಸೆ ಅತ್ತೆಯಾಗುತ್ತಾಳೆ. ಬೈಗುಳದ ಪಟ್ಟಿ ಮಾತ್ರ ಅಡುಗೆಮನೆಯ ಗೂಟಕ್ಕೆ ನೇತುಹಾಕಿದ್ದು ಹಾಗೆಯೇ ಇರುತ್ತದೆ. ಯಾರ ಸರದಿಯೋ ಅವರು ತೆಗೆದು ಓದುತ್ತಾರೆ.

ಇದನ್ನು ನನಗೆ ಮನದಟ್ಟು ಮಾಡಿಸಿದವರು ನ್ಯೂಜೆರ್ಸಿಯಲ್ಲಿರುವ ನಮ್ಮ ಭಾವ. ಅವರು ಯಾವ ಪಕ್ಷದವರೆಂದು ನಾನು ಹೇಳುವುದಿಲ್ಲ. ಹೇಳಿದರೆ ಮುಂದಿನ ಸಾಲನ್ನು ನೀವು ಓದುವ ಬಗೆಯೇ ಬದಲಾಗುತ್ತದೆ. 2025ರ ಜೂನ್ 22, ಭಾನುವಾರ. ಹಿಂದಿನ ರಾತ್ರಿಯಷ್ಟೇ ಅಮೆರಿಕದ ಬಿ-2 ವಿಮಾನಗಳು ಇರಾನಿನ ಫೋರ್ಡೊ ಮತ್ತು ನತಾನ್ಜ್ ಅಣು ಕೇಂದ್ರಗಳ ಮೇಲೆ 14 ಭಾರೀ ಬಾಂಬುಗಳನ್ನು ಇಳಿಸಿ ಬಂದಿದ್ದವು. ಸಂಜೆ ನಾನು ವಿಡಿಯೊ ಕರೆ ಮಾಡಿದಾಗ ಭಾವ ಮನೆಯ ಹಿಂದೆ ಕರಿಬೇವಿನ ಕುಂಡಕ್ಕೆ ನೀರು ಹಾಕುತ್ತಿದ್ದರು. ಚಳಿಗಾಲವಿಡೀ ಕಿಟಕಿಯ ಪಕ್ಕ ಕೂಸಿನಂತೆ ಸಾಕಿ, ಬೇಸಿಗೆ ಬಂದ ಕೂಡಲೇ ಬಿಸಿಲಿಗೆ ಇಡುವ ಕುಂಡ ಅದು. ನಾನು ಒಂದು ವಾಕ್ಯ ಓದಿದೆ: “ದೇಶಕ್ಕೆ ನಿಜವಾದ ಅಥವಾ ಸನ್ನಿಹಿತವಾದ ಅಪಾಯವನ್ನು ತಡೆಯುವ ಸಂದರ್ಭವಲ್ಲದಿದ್ದರೆ, ತಾನೊಬ್ಬನೇ ತೀರ್ಮಾನಿಸಿ ದಾಳಿಗೆ ಅಪ್ಪಣೆ ಕೊಡುವ ಅಧಿಕಾರ ಸಂವಿಧಾನದ ಪ್ರಕಾರ ಅಧ್ಯಕ್ಷರಿಗಿಲ್ಲ.”

ಭಾವ ನಲ್ಲಿ ನಿಲ್ಲಿಸಿದರು. “ಯಾರು ಹೇಳಿದ್ದು ಇದನ್ನು?”

“ಸರಿಯೋ ತಪ್ಪೋ, ಮೊದಲು ಅದನ್ನು ಹೇಳಿ.”

“ಯಾರು ಹೇಳಿದ್ದು ಅಂತ ಗೊತ್ತಾಗದೆ ಸರಿಯೋ ತಪ್ಪೋ ಹೇಗೆ ಹೇಳುವುದು?”

ಹೇಳಿದ್ದು ಒಬಾಮಾ, 2007ರ ಡಿಸೆಂಬರಿನಲ್ಲಿ. ಆಗಿನ್ನೂ ಅವರು ಸೊಸೆ. 2011ರ ಮಾರ್ಚಿನಲ್ಲಿ ಅತ್ತೆಯಾಗಿ ಲಿಬಿಯಾದ ಮೇಲೆ ಕ್ಷಿಪಣಿ ಬಿಟ್ಟಾಗ ಸಂಸತ್ತನ್ನು ಒಂದು ಮಾತು ಕೇಳಲಿಲ್ಲ. ಅದೇ 2011ರ ನವೆಂಬರಿನಲ್ಲಿ ಇನ್ನೊಬ್ಬರು, ಚುನಾವಣೆ ಗೆಲ್ಲುವುದಕ್ಕಾಗಿ ಒಬಾಮಾ ಇರಾನಿನ ಜೊತೆ ಯುದ್ಧ ಶುರುಮಾಡುತ್ತಾರೆ ಎಂದು ಟ್ವಿಟರಿನಲ್ಲಿ ಭವಿಷ್ಯ ನುಡಿದಿದ್ದರು. ಆ ಜ್ಯೋತಿಷಿಯ ಹೆಸರು ಡೊನಾಲ್ಡ್ ಟ್ರಂಪ್. ಭವಿಷ್ಯದಲ್ಲಿ ತಪ್ಪಿದ್ದು ಅಧ್ಯಕ್ಷರ ಹೆಸರೊಂದೇ.

ನಾನು ಭಾವನಿಗೆ ಕರೆ ಮಾಡಿದ ಆ ಜೂನ್ 22ರ ಬೆಳಿಗ್ಗೆ ಉಪಾಧ್ಯಕ್ಷ ವ್ಯಾನ್ಸ್ ಟಿವಿಯಲ್ಲಿ ಕುಳಿತು, ನಾವು ಇರಾನಿನ ಜೊತೆ ಯುದ್ಧದಲ್ಲಿಲ್ಲ, ಇರಾನಿನ ಅಣು ಯೋಜನೆಯ ಜೊತೆ ಯುದ್ಧದಲ್ಲಿದ್ದೇವೆ ಎಂದರು. ಪಕ್ಕದ ಮನೆಯವನ ಮೇಲೆ ನನಗೆ ಯಾವ ಕೋಪವೂ ಇಲ್ಲ. ಜೆಸಿಬಿ ತಂದಿರುವುದು ಅವನ ಕಾಂಪೌಂಡಿನ ಜೊತೆ ಮಾತಾಡುವುದಕ್ಕೆ. ಇನ್ನೂ ಸೊಗಸಾದದ್ದು ಪಾಕಿಸ್ತಾನದ ನಡೆ. ಟ್ರಂಪ್ ಅವರಿಗೆ ಶಾಂತಿ ನೊಬೆಲ್ ಸಿಗಬೇಕೆಂದು ಅದು ಪ್ರಕಟಿಸಿದ್ದು ಜೂನ್ 21ರಂದು. ಇರಾನಿನ ಮೇಲಿನ ದಾಳಿಯನ್ನು ಖಂಡಿಸಿದ್ದು ಜೂನ್ 22ರಂದು. ಹಾರ ಹಾಕಿದ ಕೈ ಇನ್ನೂ ಕೊರಳಿನ ಹತ್ತಿರವೇ ಇತ್ತು.

ಹಾರದ ವಿಷಯಕ್ಕೆ ಬಂದರೆ ಒಬಾಮಾ ಅವರದೇ ಮೇಲ್ಪಂಕ್ತಿ. 2009ರ ಡಿಸೆಂಬರ್ 1ರಂದು ಆಫ್ಘಾನಿಸ್ತಾನಕ್ಕೆ ಇನ್ನೂ 30 ಸಾವಿರ ಸೈನಿಕರನ್ನು ಕಳಿಸುತ್ತೇನೆಂದು ಹೇಳಿ, ಡಿಸೆಂಬರ್ 10ರಂದು ಆಸ್ಲೋಗೆ ಹೋಗಿ ಶಾಂತಿ ಪದಕ ಕೊರಳಿಗೇರಿಸಿಕೊಂಡು ಬಂದವರು.

ಪಕ್ಷನಿಷ್ಠೆಯನ್ನು ಅಳೆಯುವ ತಕ್ಕಡಿ ಬೇಕಿದ್ದರೆ ಸಿರಿಯಾವನ್ನು ನೋಡಬೇಕು. ರಾಸಾಯನಿಕ ಅಸ್ತ್ರ ಬಳಸಿದ ಆರೋಪದ ಮೇಲೆ ಸಿರಿಯಾಕ್ಕೆ ಕ್ಷಿಪಣಿ ಹೊಡೆಯಬೇಕೇ ಎಂದು 2013ರಲ್ಲಿ ವಾಷಿಂಗ್ಟನ್ ಪೋಸ್ಟ್ ಮತ್ತು ಎಬಿಸಿ ಸಮೀಕ್ಷೆ ಕೇಳಿದಾಗ ರಿಪಬ್ಲಿಕನ್ನರಲ್ಲಿ, ಅಂದರೆ ಟ್ರಂಪ್ ಪಕ್ಷದವರಲ್ಲಿ, ಹೌದೆಂದವರು ನೂರಕ್ಕೆ 22 ಮಂದಿ. 2017ರಲ್ಲಿ ಅದೇ ದೇಶ, ಅದೇ ಸರ್ವಾಧಿಕಾರಿ, ಅದೇ ಆರೋಪ, ಹೌದೆಂದವರು 86. ನಡುವೆ ಬದಲಾದದ್ದು ಶ್ವೇತಭವನದ ಬಾಗಿಲಿನ ನಾಮಫಲಕ ಮಾತ್ರ. ಒಬಾಮಾ ಪಕ್ಷದ ಡೆಮಾಕ್ರಟರು 38ರಿಂದ 37ಕ್ಕೆ ಬಂದರು. ಹಾಗೆಂದು ಓಡಿಹೋಗಿ ಅವರ ಕಾಲಿಗೆ ಬೀಳಬೇಡಿ. ಅವರ ಸರದಿ ಕೆಳಗೆ ಬರುತ್ತದೆ.

ಆ 2017ರ ದಾಳಿಯ ಕಥೆಯನ್ನು ಟ್ರಂಪ್ ತಾವೇ ಒಂದು ಸಂದರ್ಶನದಲ್ಲಿ ಹೇಳಿದ್ದಾರೆ. ಫ್ಲೋರಿಡಾದ ತಮ್ಮ ಮಹಲಿನಲ್ಲಿ ಚೀನಾದ ಷಿ ಜಿನ್‌ಪಿಂಗ್ ಅವರ ಜೊತೆ ಊಟ ಮುಗಿದಿತ್ತು. ಸಿಹಿಗೆ ಚಾಕೊಲೇಟ್ ಕೇಕು. ನೀವು ಎಂದೂ ಕಂಡಿರದಷ್ಟು ಸುಂದರವಾದ ತುಂಡು, ಷಿ ಅವರು ಸವಿಯುತ್ತಿದ್ದರು. ಆಗ ನಾನು ಹೇಳಿದೆ, ಈಗಷ್ಟೇ 59 ಕ್ಷಿಪಣಿಗಳನ್ನು ಇರಾಕಿಗೆ ಬಿಟ್ಟಿದ್ದೇವೆ ಎಂದು. ಸಂದರ್ಶಕಿ ನಡುವೆ ಬಾಯಿ ಹಾಕಿ, ಸಿರಿಯಾಕ್ಕೆ ಎಂದು ತಿದ್ದಬೇಕಾಯಿತು. ಹೌದು, ಸಿರಿಯಾಕ್ಕೆ. ಕೇಕಿನ ಬಣ್ಣ, ರುಚಿ, ಅಂದ ಎಲ್ಲವೂ ಅಚ್ಚಳಿಯದೆ ನೆನಪಿತ್ತು. ದೇಶದ ಹೆಸರೊಂದು ಜಾರಿತ್ತು. ಸಿಹಿ ಬಡಿಸಿದವರ ಮೇಲೆ ತಪ್ಪು ಹೊರಿಸುವಂತಿಲ್ಲ.

ಇನ್ನು ಡೆಮಾಕ್ರಟರ ಸರದಿ. ಇದು ಸ್ವಲ್ಪ ಓದಿಕೊಂಡವರ ಕಪಟ, ಆದ್ದರಿಂದ ನಿಧಾನವಾಗಿ ನೋಡಬೇಕು. ನಿಕ್ಸನ್ ತಡೆದರೂ ಕೇಳದೆ ಸಂಸತ್ತು 1973ರಲ್ಲಿ ಒಂದು ಕಾನೂನು ತಂದಿತು: ಒಪ್ಪಿಗೆಯಿಲ್ಲದೆ ಅಧ್ಯಕ್ಷರು ಕಾದಾಟಕ್ಕೆ ಇಳಿದರೆ 60 ದಿನದೊಳಗೆ ಸಂಸತ್ತಿನ ಅನುಮತಿ ಸಿಗಬೇಕು, ಇಲ್ಲವೇ ಸೈನ್ಯ ಹಿಂದಕ್ಕೆ ಬರಬೇಕು. ಲಿಬಿಯಾದಲ್ಲಿ 2011ರ ಮೇ ತಿಂಗಳಿಗೆ 60 ದಿನ ಮುಗಿಯಿತು. ವಿಮಾನಗಳು ಹಾರುತ್ತಲೇ ಇದ್ದವು. ಜೂನ್ 3ರ ಹೊತ್ತಿಗೆ ಖರ್ಚು 71 ಕೋಟಿ ಡಾಲರ್ ದಾಟಿತ್ತು. ಸರ್ಕಾರದ ಪರವಾಗಿ ಉತ್ತರ ಹೇಳಲು ಬಂದವರು ವಿದೇಶಾಂಗ ಇಲಾಖೆಯ ಕಾನೂನು ಸಲಹೆಗಾರ ಹೆರಾಲ್ಡ್ ಕೋ. ಯೇಲ್ ಕಾನೂನು ಶಾಲೆಯ ಡೀನ್ ಆಗಿದ್ದವರು. ಅಧ್ಯಕ್ಷರು ಮನಬಂದಂತೆ ಯುದ್ಧಕ್ಕಿಳಿಯುವುದರ ವಿರುದ್ಧ ಬರೆದೇ ಹೆಸರು ಮಾಡಿದವರು. ಅವರ ವಾದದ ಸಾರ ಇಷ್ಟು: ನಮ್ಮ ಸೈನಿಕರು ನೆಲದ ಮೇಲಿಲ್ಲ, ಅವರಿಗೆ ಏಟು ಬೀಳುವ ಸಂಭವ ಕಡಿಮೆ, ಎರಡೂ ಕಡೆಯಿಂದ ಗುಂಡಿನ ಚಕಮಕಿ ನಡೆಯುತ್ತಿಲ್ಲ, ಆದ್ದರಿಂದ ಇದು ಕಾನೂನು ಹೇಳುವ ಕಾದಾಟವೇ ಅಲ್ಲ.

ಬೀದಿಯ ಭಾಷೆಯಲ್ಲಿ ಹೇಳುವುದಾದರೆ, ಹೊಡೆಸಿಕೊಂಡವನು ತಿರುಗಿ ಹೊಡೆಯಲಾರದಷ್ಟು ದುರ್ಬಲನಾಗಿದ್ದರೆ ಅದು ಜಗಳವಲ್ಲ. ಶಾಲೆಯ ಮೇಷ್ಟರ ಮುಂದೆ ನಾವು ಈ ವಾದ ಹೂಡಿದ್ದರೆ ಬೆತ್ತ ಇನ್ನೂ ಎರಡು ಸಲ ಮೇಲೇಳುತ್ತಿತ್ತು.

ಸಭಾಧ್ಯಕ್ಷರಾಗಿದ್ದ ರಿಪಬ್ಲಿಕನ್ ನಾಯಕ ಜಾನ್ ಬೇನರ್, ಈ ಮಾತನ್ನು ನಗದೆ ಹೇಳಲು ಯಾರಿಂದಲೂ ಆಗದು ಎಂಬರ್ಥದಲ್ಲಿ ಕುಟುಕಿದರು. ನ್ಯಾಯವಾದ ಮಾತು. ಆದರೆ ಅವರದೇ ಪಕ್ಷದ ನ್ಯೂಟ್ ಗಿಂಗ್ರಿಚ್ ಆ ಮಾರ್ಚಿನ ಆರಂಭದಲ್ಲಿ, ಇವತ್ತೇ ಸಂಜೆ ವಿಮಾನ ಹಾರದಂತೆ ಲಿಬಿಯಾದ ಆಕಾಶ ಮುಚ್ಚಿಸಬೇಕು ಎಂದು ಗುಡುಗಿದ್ದರು. ಒಬಾಮಾ ಮುಚ್ಚಿಸಿದರು. ತಿಂಗಳು ಮುಗಿಯುವ ಮೊದಲೇ ಗಿಂಗ್ರಿಚ್, ನಾನಾಗಿದ್ದರೆ ಮಧ್ಯೆ ಬರುತ್ತಿರಲಿಲ್ಲ ಎಂದರು. ಸಂಸತ್ತಿನ ಕೆಳಮನೆಯಂತೂ ಜೂನ್ 24ರಂದು ಒಂದೇ ದಿನ ಎರಡು ಮತ ಹಾಕಿತು: ಕಾರ್ಯಾಚರಣೆಗೆ ಅನುಮತಿ ಕೊಡುವುದಿಲ್ಲ, ಅದಕ್ಕೆ ಹೋಗುವ ಹಣವನ್ನು ಕತ್ತರಿಸುವುದೂ ಇಲ್ಲ. 1999ರಲ್ಲಿ ಕ್ಲಿಂಟನ್ ಕೊಸೊವೊ ವಿಷಯಕ್ಕೆ ಬಾಂಬು ಹಾಕಿಸುತ್ತಿದ್ದಾಗಲೂ ಇದೇ ಮನೆ ಒಂದೇ ದಿನ ಯುದ್ಧ ಸಾರುವುದು ಬೇಡ, ಸೈನ್ಯ ಹಿಂದಕ್ಕೆ ಕರೆಸುವುದೂ ಬೇಡ ಎಂದು ಹೇಳಿ, ಬೆಂಬಲದ ಠರಾವನ್ನು 213–213ಕ್ಕೆ ತಂದು ನಿಲ್ಲಿಸಿತ್ತು. ಹುಡುಗ ಒಪ್ಪಿಗೆಯಿಲ್ಲ, ಸಂಬಂಧ ಮುರಿಯುವುದಿಲ್ಲ, ಛತ್ರದ ಮುಂಗಡ ಮಾತ್ರ ಕೊಟ್ಟಿರೋಣ ಎನ್ನುವ ಹಿರಿಯರಿದ್ದಾರಲ್ಲ, ಅವರ ಸಂತಾನ.

ಆದರೆ ಇವರಿಗೆ ಸಿಟ್ಟು ಬರುವುದೇ ಇಲ್ಲವೆಂದಲ್ಲ. 2003ರಲ್ಲಿ ಬುಷ್ ಅವರ ಇರಾಕ್ ಯುದ್ಧವನ್ನು ಫ್ರಾನ್ಸ್ ವಿರೋಧಿಸಿದಾಗ ಕೆಳಮನೆಯ ಕ್ಯಾಂಟೀನುಗಳಲ್ಲಿ ‘ಫ್ರೆಂಚ್ ಫ್ರೈಸ್’ ಎಂಬ ಹೆಸರನ್ನು ಅಳಿಸಿ ‘ಫ್ರೀಡಮ್ ಫ್ರೈಸ್’ ಎಂದು ಬರೆಸಿದರು. ಯುದ್ಧ ಸಾರುವ ಅಧಿಕಾರವನ್ನು ಬಳಸಿ ಆಗಲೇ 60 ವರ್ಷವಾಗಿತ್ತು; ಆಲೂಗಡ್ಡೆಗೆ ನಾಮಕರಣ ಮಾಡುವ ಅಧಿಕಾರವಾದರೂ ತುಕ್ಕು ಹಿಡಿಯದಿರಲಿ ಎಂದುಕೊಂಡಿರಬೇಕು. 2006ರಲ್ಲಿ ಸದ್ದಿಲ್ಲದೆ ಹಳೆಯ ಹೆಸರು ವಾಪಸು ಬಂತು. ಸೈನಿಕರು ಬರಲಿಲ್ಲ.

ಎರಡೂ ಕಾಲದಲ್ಲಿ ಒಂದೇ ಮಾತಾಡುವವರು ಅಲ್ಲೊಬ್ಬರು ಇಲ್ಲೊಬ್ಬರು ಇದ್ದಾರೆ. 2001ರಲ್ಲಿ ಸೇನಾಬಲ ಬಳಸಲು ಅಧ್ಯಕ್ಷರಿಗೆ ಅಧಿಕಾರ ಕೊಡುವ ಠರಾವಿಗೆ ಕೆಳಮನೆಯ 420 ಮಂದಿ ಕೈ ಎತ್ತಿದಾಗ ಒಬ್ಬರೇ ಬೇಡವೆಂದ ಬಾರ್ಬರಾ ಲೀ. ಟ್ರಂಪ್ ಅವರ ಪಕ್ಷದಲ್ಲೇ ಇದ್ದು, ಇರಾನಿನ ವಿಷಯದಲ್ಲಿ ಡೆಮಾಕ್ರಟ್ ರೋ ಖನ್ನಾ ಅವರ ಜೊತೆ ಕಾದಾಟ ತಡೆಯುವ ಠರಾವು ತಂದ ಥಾಮಸ್ ಮ್ಯಾಸಿ. ಮದುವೆಯೂಟದ ಪಂಕ್ತಿಯಲ್ಲಿ ಕುಳಿತು ಏಕಾದಶಿಯ ಮಹಿಮೆ ಹೇಳುವವರಿಗೆ ಸಿಗುವ ಮರ್ಯಾದೆಯೇ ಇವರಿಗೂ ಸಿಗುತ್ತದೆ.

2025ರ ಸೆಪ್ಟೆಂಬರ್ 2ರಿಂದ ಅಮೆರಿಕದ ಸೇನೆ ಕೆರಿಬಿಯನ್ ಸಮುದ್ರದಲ್ಲಿ, ಮಾದಕವಸ್ತು ಸಾಗಿಸುತ್ತಿವೆಯೆಂದು ಹೇಳಿ ದೋಣಿಗಳನ್ನು ಉಡಾಯಿಸತೊಡಗಿತು. ಮೂರು ದಿನದ ಮೇಲೆ ಟ್ರಂಪ್ ರಕ್ಷಣಾ ಇಲಾಖೆಗೆ ‘ಯುದ್ಧ ಇಲಾಖೆ’ ಎಂಬ ಹೆಸರು ಕೊಟ್ಟರು. ಅಕ್ಟೋಬರಿನಲ್ಲಿ, ನಾವು ಮಾದಕವಸ್ತು ಗುಂಪುಗಳ ಜೊತೆ ಸಶಸ್ತ್ರ ಸಂಘರ್ಷದಲ್ಲಿದ್ದೇವೆ ಎಂದು ಸಂಸತ್ತಿಗೆ ತಿಳಿಸಿದರು. ನವೆಂಬರಿನಲ್ಲಿ 60 ದಿನ ತುಂಬಿತು. ಆ ಹೊತ್ತಿಗೆ ಸತ್ತವರು 60ಕ್ಕೂ ಹೆಚ್ಚು. ಆಗ ಸರ್ಕಾರದ ವಕೀಲರು, ಇದು ಆ ಕಾನೂನು ಹೇಳುವ ಕಾದಾಟವಲ್ಲ ಎಂದರು. ಡ್ರೋನುಗಳು ಬಹು ದೂರದಿಂದ ಹೋಗುತ್ತವೆ, ದೋಣಿಯಲ್ಲಿರುವವರಿಂದ ನಮ್ಮ ಸೈನಿಕರಿಗೆ ಅಪಾಯವಿಲ್ಲ. ಇಲಾಖೆ ಯುದ್ಧದ್ದು, ನಡೆಯುತ್ತಿರುವುದು ಸಂಘರ್ಷ, ಕಾದಾಟ ಮಾತ್ರ ಇಲ್ಲ.

ಆ ವಾರ ಭಾವನಿಗೆ ಮತ್ತೆ ಕರೆ ಮಾಡಿದೆ. ಅಲ್ಲಿ ಚಳಿ ಶುರುವಾಗಿತ್ತು. ಕರಿಬೇವಿನ ಕುಂಡವನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು, ಹೊಸ್ತಿಲು ಎಡವದಂತೆ ಒಳಗೆ ತರುತ್ತಿದ್ದರು. ಫೋನು ಎಲ್ಲೋ ಕಿಟಕಿಗೆ ಒರಗಿತ್ತು. ನಾನು ಓದಿದೆ: “ನಮ್ಮ ಸೈನಿಕರಿಗೆ ಅಪಾಯವಿಲ್ಲದ ಕಾರಣ ಇದು ಕಾನೂನು ಹೇಳುವ ಕಾದಾಟವಲ್ಲ, ಸಂಸತ್ತಿನ ಅನುಮತಿ ಬೇಕಾಗಿಲ್ಲ. ಈ ವಾದ ಸರಿಯೇ, ಭಾವ?”

ಈ ಸಲ ಯಾರು ಹೇಳಿದ್ದು ಎಂದು ಅವರು ಕೇಳಲಿಲ್ಲ. ಕುಂಡವನ್ನು ನೆಲಕ್ಕಿಡದೆ ಬಾಗಿಲಲ್ಲೇ ನಿಂತು ಸ್ವಲ್ಪ ಹೊತ್ತು ಯೋಚಿಸಿದರು.

“ಇದು ಯಾವ ಇಸವಿಯದು?” ಎಂದರು.