ಹಿಂದಿನ ಹೌಸಿಂಗ್ ಬದಲಾಯ್ಸಿದ್ರೆ ಆಯ್ತಾ ಗುರು?

ನಾನು ಜೀಪಿನ ವಿಷ್ಯ ತೆಗೆದ್ರೆ ಮನೇಲಿ ಒಬ್ಬೊಬ್ರೇ ಎದ್ದು ಒಳಗೆ ಹೋಗ್ತಾರೆ. ಅದಕ್ಕೇ ಇಲ್ಲಿ ಬರೀತಿದ್ದೀನಿ. ನೀವೂ ಎದ್ದು ಹೋಗೋರಾದ್ರೆ ಈಗ್ಲೇ ಹೋಗಿ, ಇದು ಬೇಗ ಮುಗಿಯೋದಲ್ಲ.

ಇವತ್ತು ನಮ್ಮ ಕಡೆ ಒಂದು ಗ್ಯಾರೇಜಲ್ಲಿ (ಹೆಸರು ಹೇಳಲ್ಲ, ನಾಳೆ ನನ್ನ ಗಾಡಿನೂ ಅಲ್ಲಿಗೇ ಹೋಗ್ಬೇಕು) ಒಂದು ಸಿಜೆ 3ಬಿ ನೋಡ್ದೆ. ಮಹೀಂದ್ರದವರು ವಿಲ್ಲಿಸ್ ಲೈಸೆನ್ಸಲ್ಲಿ ಮಾಡ್ತಿದ್ದ ಎತ್ತರದ ಬಾನೆಟ್ಟಿನ ಜೀಪು. ಒಳಗೆ ಹಳೇ ಪೆಟ್ರೋಲ್ ಎಂಜಿನ್ನೇ ಇದೆ. ಪೇಂಟು ನೋಡಿದ್ರೆ ಮುಖ ಕಾಣ್ಬೇಕು, ಹಾಗಿದೆ. ಖುಷಿಯಾಗಿ ಹಿಂದೆ ಹೋಗಿ ಬಗ್ಗಿ ನೋಡಿದ್ರೆ ಯಾವುದೋ ಹೊಸ ಪಿಕಪ್ಪಿನ ಹೌಸಿಂಗ್, ಅಂದ್ರೆ ಹಿಂದಿನ ಎಕ್ಸೆಲ್ಲು, ಅದರ ಗೇರು ಕೂರೋ ಕವಚ! ಟೈರು ಮಡ್‌ಗಾರ್ಡಿಂದ ಆಚೆ ಬಂದು ನಿಂತಿದೆ. ಹೊಸ ಡ್ರಮ್ಮಿನಿಂದ ಬಂದ ಹ್ಯಾಂಡ್‌ಬ್ರೇಕ್ ಕೇಬಲ್ಲಿಗೆ ಹೋಗೋ ಜಾಗ ಇಲ್ಲದೆ, ಅದನ್ನ ಬೈಂಡಿಂಗ್ ವೈರಲ್ಲಿ ಸ್ಪ್ರಿಂಗ್ ಪಟ್ಟಿಗೆ ಸುತ್ತಿ ಕಟ್ಟಿದ್ದಾರೆ. ಮುಂದಿನ ಎಕ್ಸೆಲ್ಲಿಗೆ ಸುತ್ತು ಒಯ್ಯೋ ಉದ್ದದ ಪ್ರೊಪೆಲ್ಲರ್ ಶಾಫ್ಟನ್ನ ಬಿಚ್ಚಿ ಗೋಡೆಗೆ ಒರಗಿಸಿಟ್ಟಿದ್ದಾರೆ.

"ಇದ್ಯಾಕ್ ಮೇಸ್ತ್ರಿ ಬಿಚ್ಚಿದ್ದು?"

"ಫೋರ್ ವೀಲ್ ಹಾಕಿದ್ರೆ ಕಟಕಟ ಅಂತದೆ ಸಾರ್. ಈಗ ಯಾರ್ ಹಾಕ್ತಾರೆ ಫೋರ್ ವೀಲು, ಬಿಡಿ."

ಬಿಡಿ ಅಂತೆ. ಅದು ಜೀಪು ಮಾರಾಯ್ರೇ, ನಾಲ್ಕೂ ಚಕ್ರಕ್ಕೆ ಎಂಜಿನ್ ಎಳೆತ ಕೊಡೋಕೇ ಹುಟ್ಟಿದ್ದು!

ಕಟಕಟ ಯಾಕೆ ಅನ್ನುತ್ತೆ ಅನ್ನೋದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ. 3ಬಿ ಜೀಪಿನ ಎಕ್ಸೆಲ್ ಒಳಗೆ ಕ್ರೌನ್ ಅನ್ನೋ ದೊಡ್ಡ ಗೇರಲ್ಲಿ 43 ಹಲ್ಲು, ಅದನ್ನ ತಿರುಗಿಸೋ ಪಿನಿಯನ್ ಅನ್ನೋ ಸಣ್ಣ ಗೇರಲ್ಲಿ 8. ಭಾಗಿಸಿದ್ರೆ 5.375, ಇದೇ ರೇಶಿಯೊ. ಅಂದ್ರೆ ಪ್ರೊಪೆಲ್ಲರ್ ಶಾಫ್ಟ್ ಐದು ಚಿಲ್ಲರೆ ಸುತ್ತು ಸುತ್ತಿದ್ರೆ ಚಕ್ರ ಒಂದು ಸುತ್ತು. ಮುಂದೆನೂ ಅಷ್ಟೇ, ಹಿಂದೆನೂ ಅಷ್ಟೇ. ಈ ಪುಣ್ಯಾತ್ಮರು ಹಿಂದೆ ಹಾಕಿರೋದು 41-10, ಅಂದ್ರೆ 4.1. ಮುಂದಿಂದು ಮುಟ್ಟಿಲ್ಲ. ಈಗ 28 ಇಂಚಿನ ಟೈರ್ ಇಟ್ಕೊಂಡು ಲೆಕ್ಕ ಹಾಕಿ. ಶಾಫ್ಟ್ ಒಂದು ಸುತ್ತು ಬಂದ್ರೆ ಮುಂದಿನ ಚಕ್ರ 42 ಸೆಂಟಿಮೀಟರ್ ಹತ್ತಿರ ಹೋಗುತ್ತೆ, ಹಿಂದಿಂದು 54 ದಾಟುತ್ತೆ. ಎಂಜಿನ್ ಸುತ್ತನ್ನ ಮುಂದಕ್ಕೂ ಹಿಂದಕ್ಕೂ ಹಂಚೋ ಜೀಪಿನ ಟ್ರಾನ್ಸ್‌ಫರ್ ಕೇಸಲ್ಲಿ ಈ ವ್ಯತ್ಯಾಸ ನುಂಗ್ಕೊಳ್ಳೋಕೆ ನಡುವೆ ಡಿಫರೆನ್ಶಿಯಲ್ (ಎರಡು ಕಡೆ ಬೇರೆ ಬೇರೆ ವೇಗದಲ್ಲಿ ಸುತ್ತೋಕೆ ಬಿಡೋ ಗೇರು) ಇಲ್ಲ. ಫೋರ್ ವೀಲ್ ಹಾಕಿದ್ರೆ ಎರಡೂ ಶಾಫ್ಟು ಒಂದೇ ವೇಗದಲ್ಲಿ ಕಟ್ಟಿಹಾಕಿದ ಹಾಗೆ. ಎತ್ತು ಏರಿಗೆಳೆದ್ರೆ ಕೋಣ ನೀರಿಗೆಳೀತು ಅಂತಾರಲ್ಲ, ಚಾಸಿ ಕೆಳಗೆ ನಡೆಯೋದು ಅದೇ. ಟೈರು ಜಾರಬೇಕು, ಇಲ್ಲಾಂದ್ರೆ ಗೇರಿನ ಹಲ್ಲು, ಶಾಫ್ಟಿನ ಕೀಲಾದ ಯುಜೆ ಕ್ರಾಸು, ಶಾಫ್ಟು, ಯಾವುದಕ್ಕೆ ಆಯುಷ್ಯ ಕಮ್ಮಿಯೋ ಅದು ಹೋಗ್ಬೇಕು. ಆ ಶಬ್ದ ಬರೋದು ಅದಕ್ಕೆ. ಅದಕ್ಕೆ ಇವರು ಕಂಡುಹಿಡಿದ ಔಷಧಿ, ಮುಂದಿನ ಶಾಫ್ಟನ್ನೇ ಬಿಚ್ಚಿ ಗೋಡೆಗೆ ಒರಗಿಸೋದು. ತಲೆನೋವಿಗೆ ತಲೆ ತೆಗೆಯೋದು ಅಂತ ನಮ್ಮಜ್ಜಿ ಹೇಳ್ತಿದ್ರು, ಇವರನ್ನ ನೋಡಿದ್ರೆ ಇನ್ನೇನು ಹೇಳ್ತಿದ್ರೋ.

ಓನರ್ರೂ ಅಲ್ಲೇ ಇದ್ರು. ಬೆಂಗಳೂರಿನ ಹುಡುಗ, ಮಾತು ಬಹಳ ಮೆತ್ತಗೆ, ಬೈಯ್ಯೋಕೂ ಆಗಲ್ಲ. "ಅಂಕಲ್, ಹೈವೇಲಿ 60 ದಾಟಿದ್ರೆ ಎಂಜಿನ್ ಕೂಗುತ್ತೆ. ಲಾರಿಯೋರು ಹಿಂದೆ ಬಂದು ಹಾರ್ನ್ ಹೊಡೀತಾರೆ. ಹಳೇ ಎಕ್ಸೆಲ್ ನಂಬೋಕೂ ಆಗಲ್ಲ."

ಅವನು ಹೇಳಿದ್ರಲ್ಲಿ ನಿಜ ಇಲ್ಲ ಅಂತಲ್ಲ. ಆ ಹಳೇ ಎಕ್ಸೆಲ್ಲಿಗೆ ಡಾನಾ 44 ಅಂತಾರೆ, ಅದರ ಹಬ್ಬು (ಚಕ್ರ ಕೂರೋ ಭಾಗ) ತುದಿ ಸಣ್ಣಗಾಗೋ ಟೇಪರ್ ಶಾಫ್ಟಿನ ಮೇಲೆ ಒಂದು ಕೀ, ಒಂದು ನಟ್ಟಿನ ಭರವಸೆಯಲ್ಲಿ ಕೂತಿರುತ್ತೆ. ನಟ್ ಸಡಿಲ ಆದ್ರೆ ಕೀ ಜಾಗ ತಿಂದು ಶಾಫ್ಟ್ ಅಲ್ಲೇ ತುಂಡಾಗುತ್ತೆ. ಎರಡನೇ ಮಹಾಯುದ್ಧದ ಕಾಲದ ವಿಲ್ಲಿಸ್ ಎಂಬಿ ಜೀಪಲ್ಲಿ ಫುಲ್ ಫ್ಲೋಟಿಂಗ್ ಎಕ್ಸೆಲ್ ಇತ್ತು, ಶಾಫ್ಟ್ ಹೋದ್ರೂ ಚಕ್ರ ಹಬ್ಬಿನ ಮೇಲೇ ನಿಲ್ತಿತ್ತು. 3ಬಿಯಲ್ಲಿ ಹಂಗಲ್ಲ, ಶಾಫ್ಟ್ ತುಂಡಾದ್ರೆ ಚಕ್ರ ನಿಮಗಿಂತ ಮುಂಚೆ ಊರು ಸೇರುತ್ತೆ. ಡ್ರಮ್ ತೆಗೀಬೇಕಂದ್ರೆ ಪುಲ್ಲರ್ ಹಾಕಿ ದೇವರ ಹೆಸರು ಹೇಳ್ಬೇಕು. ಒಪ್ಪಿದೆ. ಆದ್ರೆ ಇದು ನಟ್ಟಿಗೆ ಸರಿಯಾದ ಟಾರ್ಕ್ ಕೊಟ್ಟು ಸ್ಪ್ಲಿಟ್ ಪಿನ್ ಹಾಕೋ ಕೆಲಸ. ಅದೂ ಬೇಡಾಂದ್ರೆ ಅದೇ 44ಕ್ಕೆ ಫ್ಲಾಂಜ್ ಇರೋ ಒಂದೇ ತುಂಡಿನ ಶಾಫ್ಟ್ ಕಿಟ್ ಹೊರದೇಶದಲ್ಲಿ ಮಾಡ್ತಾರೆ. ಹೌಸಿಂಗೇ ಕಿತ್ತು ಗುಜರಿಗೆ ಹಾಕೋಕೆ ಇದೊಂದು ಕಾರಣನಾ?

ಇನ್ನು ಹೈವೇ ಕಥೆ. ರೇಶಿಯೊ 5.375ರಿಂದ 4.1ಕ್ಕೆ ಇಳಿದ್ರೆ ಎಂಜಿನ್ ಸುತ್ತು ಹತ್ತಿರ ಹತ್ತಿರ ಕಾಲು ಭಾಗ ಕಮ್ಮಿ ಆಗುತ್ತೆ, ಸರಿ. ಚಕ್ರಕ್ಕೆ ಸಿಗೋ ಎಳೆತನೂ ಅಷ್ಟೇ ಕಮ್ಮಿ ಆಗುತ್ತೆ ಅನ್ನೋದನ್ನ ಯಾರೂ ಹೇಳಲ್ಲ. ಫಸ್ಟ್ ಗೇರು, ಲೋ ರೇಂಜು (ಟ್ರಾನ್ಸ್‌ಫರ್ ಕೇಸಿನ ನಿಧಾನದ ಗೇರು), ಎಕ್ಸೆಲ್ಲು, ಮೂರರ ರೇಶಿಯೊನೂ ಗುಣಿಸಿದ್ರೆ ಮೊದಲು ಸುಮಾರು 37 ಬರ್ತಿತ್ತು. ಈಗ 28. ಮಳೆಗಾಲದಲ್ಲಿ ತೋಟದ ಮಣ್ಣು ಏರಲ್ಲಿ ಹಿಂದೆ ಗೊಬ್ಬರದ ಮೂಟೆ ಹಾಕ್ಕೊಂಡು ಹತ್ತಿ ನೋಡಿ, ಆ 37 ಯಾಕೆ ಇಟ್ಟಿದ್ರು ಅಂತ ಗೊತ್ತಾಗುತ್ತೆ. ಮೂರೇ ಗೇರಿನ ಗಾಡಿ ಅದು. ಮಧ್ಯೆ ಹುಡುಕ್ಕೊಳ್ಳೋಕೆ ಇನ್ನೊಂದು ಗೇರಿಲ್ಲ. ಚಾರ್ಮಾಡಿ ಹತ್ತೋವಾಗ ಟಾಪಲ್ಲಿ ಉಸಿರು ಕಟ್ಟುತ್ತೆ, ಸೆಕೆಂಡಿಗೆ ಇಳಿಸಿದ್ರೆ ಕೂಗುತ್ತೆ. ಕೂಗೋದು ತಪ್ಪಿಸ್ಬೇಕು ಅಂತ ತಾನೇ ಇಷ್ಟೆಲ್ಲಾ ಮಾಡಿದ್ದು?

ವೇಗ ಬೇಕೇ ಬೇಕು ಅನ್ನೋರಿಗೆ ದಾರಿ ಇಲ್ಲ ಅಂತಲ್ಲ. ಅಮೆರಿಕದಲ್ಲಿ ವಾರ್ನ್ ಅನ್ನೋ ಕಂಪನಿ ಈ ಜೀಪುಗಳಿಗೇ ಅಂತ ಓವರ್‌ಡ್ರೈವ್ ಅನ್ನೋ ಹೆಚ್ಚುವರಿ ಗೇರು ಮಾಡಿತ್ತು. ಟ್ರಾನ್ಸ್‌ಫರ್ ಕೇಸಿನ ಬೆನ್ನಿಗೆ ಕೂರುತ್ತೆ, ಸುತ್ತು ಕಾಲು ಭಾಗ ಇಳಿಸುತ್ತೆ. ಮುಂದಕ್ಕೂ ಹಿಂದಕ್ಕೂ ಸಮ, ಬೇಡಾದಾಗ ಲಿವರ್ ಎಳೆದ್ರೆ ಹಳೇ ಜೀಪು ವಾಪಸ್. ಸಿಗೋದು ಕಷ್ಟ, ಸಿಕ್ರೆ ಬೆಲೆ ಕೇಳಿ ಕೂತ್ಕೋಬೇಕು. ಅದು ಬೇಡವಾದ್ರೆ ಮುಂದೂ ಹಿಂದೂ ಎರಡೂ ಕ್ರೌನ್ ಪಿನಿಯನ್ 39-8 ಹಾಕಿ, 4.875. ವಿಲ್ಲಿಸ್ ಎಂಬಿಗೆ ಇದ್ದ ರೇಶಿಯೊನೇ ಅದು. ಎರಡೂ ಕಡೆ ಅಂದೆ, ಕೇಳಿಸ್ತಾ? ಎರಡೂ ಕಡೆ.

ನನಗೆ ಮೈ ಉರಿದಿದ್ದು ಬರೀ ರೇಶಿಯೊಗಲ್ಲ. ಕೆಲಸ ಮಾಡಿರೋ ರೀತಿ ನೋಡ್ಬೇಕಿತ್ತು. ಹಳೇ ಜೀಪಲ್ಲಿ ಪಟ್ಟಿ ಕೆಳಗೆ, ಎಕ್ಸೆಲ್ ಅದರ ಮೇಲೆ. ಪಿಕಪ್ಪಲ್ಲಿ ಎಕ್ಸೆಲ್ ಕೆಳಗೆ, ಪಟ್ಟಿ ಮೇಲೆ. ಹಾಗಾಗಿ ಹೌಸಿಂಗಿಗೆ ಪಟ್ಟಿ ಕೂರೋ ಪ್ಯಾಡು ಕೊಯ್ದು, ತಿರುಗಿಸಿ, ಕೆಳಗೆ ವೆಲ್ಡಿಂಗ್ ಹೊಡೆದಿದ್ದಾರೆ. ನೇರ ಹಿಡಿದಿಡೋ ಜಿಗ್ ಇಲ್ಲ, ಅಳತೆ ಇಲ್ಲ, ಒಂದೇ ಏಟಿಗೆ ಸುತ್ತಲೂ ಆರ್ಕ್ ಬಿಟ್ಟಿದ್ದಾರೆ. ಅಷ್ಟು ಶಾಖ ತಿಂದ ಟ್ಯೂಬು ನೇರ ನಿಲ್ಲುತ್ತಾ? ಆಗ್ಲೇ ಎಡಗಡೆ ಆಯಿಲ್ ಸೀಲಿಂದ 90 ನಂಬರಿನ ಗೇರ್ ಎಣ್ಣೆ ಒಸರಿ ಡ್ರಮ್ಮಿನ ಅಂಚು ಕಪ್ಪಾಗಿತ್ತು. ಪಿನಿಯನ್ ಮೂಗು ಮೇಲಕ್ಕೆ ನೋಡ್ತಿದೆ. ಜೀಪಿನ ಹಿಂದಿನ ಎಕ್ಸೆಲ್ಲಿನ ಡಿಫರೆನ್ಶಿಯಲ್ ನಡುವಲ್ಲಿರಲ್ಲ, ಒಂದು ಪಕ್ಕಕ್ಕೆ ಸರಿದಿರುತ್ತೆ, ಯಾಕಂದ್ರೆ ಟ್ರಾನ್ಸ್‌ಫರ್ ಕೇಸಿನ ಔಟ್‌ಪುಟ್ಟೂ ಅದೇ ಪಕ್ಕ. ಹೊಸದರ ಉಂಡೆ, ಅಂದ್ರೆ ಡಿಫರೆನ್ಶಿಯಲ್ ಇರೋ ಭಾಗ, ನಡುವಲ್ಲಿದೆ. ಹಾಗಾಗಿ ಶಾಫ್ಟು ಪಕ್ಕಕ್ಕೂ ಓರೆ, ಎತ್ತರಕ್ಕೂ ಓರೆ. ಆ ಕ್ರಾಸು ಎಷ್ಟು ದಿನ ಬದುಕುತ್ತೋ!

ಹಿಂದಿನ ಹಬ್ಬಿಗೆ ಆರು ಬೋಲ್ಟು, ಮುಂದೆ ಐದೇ. ಸ್ಟೆಪ್ನಿ ಯಾವುದಕ್ಕೆ ಅಂತ ಕೇಳ್ದೆ. "ಹಿಂದಿಂದಕ್ಕೆ ಅಂಕಲ್." ಮುಂದೆ ಪಂಕ್ಚರ್ ಆದ್ರೆ? ಹುಡುಗ ಮೇಸ್ತ್ರಿ ಮುಖ ನೋಡ್ದ, ಮೇಸ್ತ್ರಿ ಸ್ಪ್ಯಾನರ್ ಹುಡುಕೋಕೆ ಹೋದ.

ಬ್ರೇಕಿನ ಮಾತು ಬಂದಾಗ ಮಾತ್ರ ನನಗೆ ನಗು ಬರ್ಲಿಲ್ಲ. ಜೀಪಿನ ಡ್ರಮ್ 9 ಇಂಚು, ನಾಲ್ಕೂ ಕಡೆ. ಪೆಡಲ್ ಒತ್ತಿದ್ರೆ ಬ್ರೇಕಿಗೆ ಎಣ್ಣೆ ತಳ್ಳೋ ಮಾಸ್ಟರ್ ಸಿಲಿಂಡರ್, ನಾಲ್ಕೂ ಚಕ್ರಕ್ಕೆ ಸೇರಿ ಒಂದೇ ಸರ್ಕಿಟ್ಟು. ಈಗ ಹಿಂದೆ ಮಾತ್ರ ದೊಡ್ಡ ಡ್ರಮ್ಮು, ದೊಡ್ಡ ವೀಲ್ ಸಿಲಿಂಡರ್ರು. ಬ್ರೇಕ್ ಹೊಡೆದಾಗ ಗಾಡಿ ಭಾರ ಮುಂದಕ್ಕೆ ಬರುತ್ತೆ, ಹಿಂದೆ ಹಗುರ ಆಗುತ್ತೆ. ಹಗುರಾದ ಕಡೆಗೇ ಜೋರು ಬ್ರೇಕ್ ಕೊಟ್ರೆ ಹಿಂದಿನ ಚಕ್ರ ಮೊದಲು ಲಾಕ್ ಆಗುತ್ತೆ. ಮಳೆ ಬಿದ್ದ ಘಾಟಿ ತಿರುವಲ್ಲಿ ಹಿಂಭಾಗ ನಿಮ್ಮನ್ನ ಹಿಂದಿಕ್ಕೋಕೆ ಬರುತ್ತೆ. "ಬ್ರೇಕ್ ಈಗ ಸೂಪರ್ ಹಿಡಿಯುತ್ತೆ" ಅಂದ ಹುಡುಗ. ಹಿಡಿಯುತ್ತಪ್ಪಾ, ಹಿಡಿಯೋದೇ ಭಯ.

ಕಾನೂನು ಮಾತಾಡೋರು ಕಾಮೆಂಟಲ್ಲಿ ಬರ್ತೀರ ಅಂತ ಗೊತ್ತು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ, ತಯಾರಕರ ಮೂಲ ವಿವರಕ್ಕೆ ವ್ಯತ್ಯಾಸ ಆಗೋ ಹಾಗೆ ಗಾಡಿ ಬದಲಾಯ್ಸಬಾರದು ಅಂತ 2019ರಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ಹಳೇ ಗಾಡಿನ ವಿಂಟೇಜ್ ಅಂತ ನೋಂದಾಯ್ಸೋ 2021ರ ನಿಯಮಕ್ಕೆ 50 ವರ್ಷ ದಾಟಿದ್ರೆ ಸಾಲದು, ಗಾಡಿ ಮೂಲ ರೂಪದಲ್ಲೂ ಇರ್ಬೇಕು. ಅದರಲ್ಲಿ ಚಾಸಿ, ಬಾಡಿ, ಎಂಜಿನ್ ಅಂತ ಬರೆದಿದೆ, ಎಕ್ಸೆಲ್ ಅಂತ ಬರೆದಿಲ್ಲವಲ್ಲ ಅನ್ನೋ ವಕೀಲರು ನಮ್ಮ ಗುಂಪಲ್ಲೇ ಇದ್ದಾರೆ. ಅವರ ಹತ್ರ ವಾದ ಮಾಡೋ ತ್ರಾಣ ನನಗಿಲ್ಲ.

"ಹಳೇದನ್ನ ಹಂಗೇ ಇಟ್ಕೊಂಡು ಪೂಜೆ ಮಾಡ್ಬೇಕಾ?" ಅಂತ ಕೇಳೋರೂ ಇರ್ತಾರೆ. ಮಾಡ್ಬೇಡಿ. ನಾನೂ ಮಾಡಲ್ಲ, ನನ್ನ ಗಾಡಿಗೆ ಆಲ್ಟರ್ನೇಟರ್ ಹಾಕಿದ್ದೀನಿ, ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿದ್ದೀನಿ. ಅವು ಹೋದ್ರೆ ಗಾಡಿ ರಸ್ತೆ ಪಕ್ಕ ನಿಲ್ಲುತ್ತೆ, ಅಷ್ಟೇ. ಚಕ್ರ, ಬ್ರೇಕು ಆ ಲೆಕ್ಕಕ್ಕೆ ಬರಲ್ಲ. ಹೊಸ ಎಕ್ಸೆಲ್ಲೇ ಬೇಕಾ? ಹಾಕಿ, ಆದ್ರೆ ಪೂರ್ತಿ ಮಾಡಿ: ಮುಂದಿನ ರೇಶಿಯೊ, ಮುಂದಿನ ಬ್ರೇಕು, ಮಾಸ್ಟರ್ ಸಿಲಿಂಡರ್ರು, ಪ್ರೊಪೆಲ್ಲರ್ ಶಾಫ್ಟು, ಅದರ ಬ್ಯಾಲೆನ್ಸಿಂಗು. ಲೆಕ್ಕ ಹಾಕಿ ನೋಡಿ, ಹಳೇದನ್ನ ಬೇರಿಂಗ್, ಸೀಲ್, ಶಿಮ್ ಹಾಕಿ ಸರಿ ಮಾಡೋ ಖರ್ಚು ಇದರ ಮುಂದೆ ಏನೂ ಅಲ್ಲ ಅನ್ಸುತ್ತೆ. ಅದಕ್ಕೇ ಯಾರೂ ಪೂರ್ತಿ ಮಾಡಲ್ಲ. ಹಿಂದಿಂದು ಹಾಕಿ, ಫೋಟೋ ಹಾಕಿ, ಲೈಕ್ ಎಣಿಸ್ತಾರೆ.

ಹೊಟ್ಟೆಕಿಚ್ಚೂ ಇದೆ, ಮುಚ್ಚಿಡಲ್ಲ. ಆ ಬಾಡಿ ಥರ ತುಕ್ಕಿಲ್ಲದ ಬಾಡಿ ನನಗೆ ಇಷ್ಟು ವರ್ಷದಲ್ಲಿ ಸಿಕ್ಕಿಲ್ಲ. ನನ್ನದರ ನೆಲದಲ್ಲಿ ರಸ್ತೆ ಕಾಣುತ್ತೆ. ಆ ಹುಡುಗನ ದುಡ್ಡು, ಅವನ ಗಾಡಿ, ನಾನ್ಯಾರು ಕೇಳೋಕೆ ಅಂತ ಸ್ಕೂಟರ್ ಹತ್ತಿ ಬಂದವನು ಮೂರು ಗಂಟೆಯಿಂದ ಇದನ್ನೇ ಟೈಪ್ ಮಾಡ್ತಾ ಕೂತಿದ್ದೀನಿ.

ಬಿಚ್ಚಿದ ಹಳೇ ಹೌಸಿಂಗ್ ಎಲ್ಲಿ ಅಂತ ಕೇಳ್ದೆ. ಗುಜರಿಯವನು ತೂಕ ಹಾಕ್ಕೊಂಡು ಹೋದ ಅಂದ್ರು, ಒಳಗಿನ 43-8 ಸಮೇತ. ಇನ್ಮೇಲೆ ಯಾರಾದ್ರೂ ಈ ಕೆಲಸಕ್ಕೆ ಕೈ ಹಾಕೋದಿದ್ರೆ ನನ್ನನ್ನ ಕೇಳೋದು ಬೇಡ, ನಾನು ಉಪದೇಶ ಮಾಡಲ್ಲ. ಬಿಚ್ಚಿದ ದಿನ ಒಂದು ಮೆಸೇಜ್ ಹಾಕಿ ಸಾಕು. ಪಿಕಪ್ ತಗೊಂಡು ನಾನೇ ಬರ್ತೀನಿ, ಗುಜರಿಯವನಿಗಿಂತ ಕೆಜಿಗೆ ಐದು ರೂಪಾಯಿ ಜಾಸ್ತಿ ಕೊಡ್ತೀನಿ.