ಪದವಿಯ ಲೆಕ್ಕ ಬೇರೆ, ದುಡಿಮೆಯ ಲೆಕ್ಕ ಬೇರೆ

ಒಂದು ಬ್ಯಾಚಿನಲ್ಲಿ 60 ವಿದ್ಯಾರ್ಥಿಗಳು, ಲ್ಯಾಬಿನಲ್ಲಿ ಕೆಲಸ ಮಾಡುವ ಯಂತ್ರಗಳು ನಾಲ್ಕು ಅಂದುಕೊಳ್ಳಿ. ಒಂದೊಂದರ ಸುತ್ತ 15 ಜನ. ಮೂರು ಗಂಟೆಯಲ್ಲಿ ಯಂತ್ರ ಮುಟ್ಟುವವರು ಇಬ್ಬರು, ರೀಡಿಂಗ್ ಬರೆದುಕೊಳ್ಳುವವನು ಒಬ್ಬ, ಉಳಿದ 12 ಜನ ಅವನ ರೆಕಾರ್ಡ್ ನೋಡಿ ನಕಲು ಮಾಡುತ್ತಾರೆ. ಪರೀಕ್ಷೆಯಲ್ಲಿ ಎಲ್ಲರೂ ಪಾಸು. ದೇಶದ ಅಂಕಿಅಂಶದಲ್ಲಿ 60 ಪದವೀಧರರು ಸೇರಿಕೊಳ್ಳುತ್ತಾರೆ, ಕೆಲಸ ಬಲ್ಲವರು ಎಂಟೋ ಹತ್ತೋ.

ವಿಶ್ವವಿದ್ಯಾಲಯಗಳು ಹೆಚ್ಚಾದರೆ ಆದಾಯ ಹೆಚ್ಚುತ್ತದೆ ಎನ್ನುವವರ ಮಾತು ಬುಡವಿಲ್ಲದ್ದೇನಲ್ಲ. 78 ದೇಶಗಳ ಸುಮಾರು 15,000 ವಿಶ್ವವಿದ್ಯಾಲಯಗಳ ಮಾಹಿತಿ ಜಾಲಾಡಿದ ಅರ್ಥಶಾಸ್ತ್ರಜ್ಞರಾದ ಅನ್ನಾ ವಲೆರೊ ಮತ್ತು ಜಾನ್ ವಾನ್ ರೀನನ್, ಒಂದು ಪ್ರದೇಶದಲ್ಲಿ ಜನಸಂಖ್ಯೆಗೆ ಹೋಲಿಸಿದರೆ ವಿಶ್ವವಿದ್ಯಾಲಯಗಳು ದುಪ್ಪಟ್ಟಾದಲ್ಲಿ ಮುಂದೆ ತಲಾ ಆದಾಯ ಸುಮಾರು ಶೇ. 4ರಷ್ಟು ಹೆಚ್ಚಿರುವುದನ್ನು ಕಂಡರು. ಆದರೆ ಅದು ಸರಾಸರಿ. ಶಿಕ್ಷಣದ ಆರ್ಥಿಕತೆ ಅಧ್ಯಯನ ಮಾಡಿದ ಎರಿಕ್ ಹನುಷೆಕ್ ಮತ್ತು ಲುಡ್ಗರ್ ವೋಸ್‌ಮನ್ ಅವರ ಲೆಕ್ಕ ಬೇರೆಯದನ್ನೇ ಹೇಳುತ್ತದೆ: ಗಣಿತ, ವಿಜ್ಞಾನದಲ್ಲಿ ಮಕ್ಕಳು ನಿಜಕ್ಕೂ ಎಷ್ಟು ಕಲಿತಿದ್ದಾರೆ ಎಂಬುದನ್ನು ಸೇರಿಸಿಕೊಂಡ ಕೂಡಲೇ, ಎಷ್ಟು ವರ್ಷ ಓದಿದರು ಎಂಬುದಕ್ಕೆ ಆರ್ಥಿಕ ಬೆಳವಣಿಗೆಯ ಜೊತೆಗಿದ್ದ ನಂಟು ಹೆಚ್ಚುಕಡಿಮೆ ಕಳಚಿಹೋಗುತ್ತದೆ. ಅವರು ಅಳೆದದ್ದು ಶಾಲೆಯ ಕಲಿಕೆಯನ್ನು, ನಿಜ. ಕಾಲೇಜಿಗೆ ಮಾತ್ರ ಬೇರೆ ನ್ಯಾಯ ಇರಲು ನನಗೆ ಕಾರಣ ಕಾಣುತ್ತಿಲ್ಲ.

ಕಳಪೆ ಪದವಿಯ ಹೊರೆ ಯಾರ ತಲೆಗೆ ಬೀಳುತ್ತದೆ ಅನ್ನುವುದು ಹೆಚ್ಚು ಚರ್ಚೆಯಾಗುವುದಿಲ್ಲ. ದೊಡ್ಡ ಕಂಪನಿ ಹೊಸಬರನ್ನು ಆರು ತಿಂಗಳು ಕೂರಿಸಿ, ಸಂಬಳ ಕೊಟ್ಟು ಕಲಿಸುತ್ತದೆ. 20 ಜನರ ಸಣ್ಣ ಕಾರ್ಖಾನೆಗೆ ಅದು ಆಗದ ಮಾತು. ಕಷ್ಟಪಟ್ಟು ಕಲಿಸಿದರೂ, ಆ ವಿದ್ಯೆ ಎಲ್ಲೆಡೆ ನಡೆಯುವಂಥದ್ದಾದ್ದರಿಂದ ಹುಡುಗ ಹೆಚ್ಚು ಸಂಬಳ ಕೊಡುವ ಕಡೆಗೆ ಹೊರಡುತ್ತಾನೆ. ಅರ್ಥಶಾಸ್ತ್ರಜ್ಞ ಗ್ಯಾರಿ ಬೆಕರ್ 1964ರಲ್ಲೇ ವಿವರಿಸಿದ ತೊಡಕು ಇದು: ಎಲ್ಲಿ ಬೇಕಾದರೂ ಉಪಯೋಗಕ್ಕೆ ಬರುವ ತರಬೇತಿಗೆ ಮಾಲೀಕ ಕೈಯಿಂದ ದುಡ್ಡು ಹಾಕುವುದಿಲ್ಲ. ಹಾಗಾಗಿ ಸಣ್ಣ ಉದ್ಯಮ ಹೊಸ ಯಂತ್ರ ಕೊಳ್ಳಲು ಹಿಂದೇಟು ಹಾಕುತ್ತದೆ. ಕೊಂಡರೆ ನಡೆಸುವವರು ಯಾರು? ಉತ್ಪಾದಕತೆ ಕುಂಟುವುದು ಇಲ್ಲಿಂದ.

ಇತ್ತ ಪದವಿಯನ್ನು ನಂಬಲಾಗದ ಕಂಪನಿಗಳು ಇನ್ನೂ ದೊಡ್ಡ ಪದವಿ ಕೇಳತೊಡಗುತ್ತವೆ. ಬಿಎ ಸಾಕಿದ್ದ ಗುಮಾಸ್ತಿಕೆಗೆ ಎಂಎ. ಕಲಿಕೆಯಿಂದಷ್ಟೇ ಅಲ್ಲ, ಅರ್ಹರನ್ನು ಸೋಸಿ ತೆಗೆಯುವ ಜರಡಿಯಾಗಿಯೂ ಪದವಿಗೆ ಬೆಲೆ ಬರಬಹುದು ಎಂದು ಅರ್ಥಶಾಸ್ತ್ರಜ್ಞ ಮೈಕೆಲ್ ಸ್ಪೆನ್ಸ್ 1973ರಲ್ಲಿ ವಾದಿಸಿದ್ದರು. ಜರಡಿಯ ಕಣ್ಣು ದೊಡ್ಡದಾದಷ್ಟೂ ಇನ್ನೊಂದು ಜರಡಿ ಬೇಕು. ಯುವಕರ ಎರಡು ವರ್ಷ ಅದಕ್ಕೇ ಖರ್ಚು.

ಸರಿಪಡಿಸುವ ಕೆಲಸ ಶುರುವಾಗಬೇಕಾದದ್ದು ಬೋಧಕರ ನೇಮಕದಿಂದ. ಇಂದು ತಪ್ಪು ವ್ಯಕ್ತಿಯನ್ನು ಖಾಯಂ ಮಾಡಿದರೆ ಅವರು 30 ವರ್ಷ ಪಾಠ ಮಾಡುತ್ತಾರೆ, ಪಿಎಚ್‌ಡಿಗೂ ಮಾರ್ಗದರ್ಶನ ಮಾಡುತ್ತಾರೆ, ಆ ಪಿಎಚ್‌ಡಿಗಳು ಮತ್ತೆ ಬೋಧಕರಾಗುತ್ತಾರೆ. ಸಂದರ್ಶನಕ್ಕೆ ಬಂದವರಿಂದ ಪ್ರಕಟಿತ ಲೇಖನಗಳ ಪಟ್ಟಿ ಕೇಳುವ ಬದಲು, ತರಗತಿಯಲ್ಲಿ 40 ನಿಮಿಷ ಪಾಠ ಮಾಡಿಸಿ. ಲೇಖನಗಳ ಎಣಿಕೆಗೆ ಬಡ್ತಿ ಕಟ್ಟಿದಲ್ಲೆಲ್ಲ ದುಡ್ಡು ಕೊಟ್ಟರೆ ಏನನ್ನೂ ಅಚ್ಚು ಹಾಕುವ ಜರ್ನಲ್‌ಗಳು ಹುಟ್ಟಿಕೊಂಡಿವೆ.

ಆಮೇಲೆ ಪ್ರಶ್ನೆಪತ್ರಿಕೆ. ಇಷ್ಟು ಅಗ್ಗದ ಸುಧಾರಣೆ ಬೇರೊಂದಿಲ್ಲ. 'ಪಂಪ್‌ಗಳ ವಿಧಗಳನ್ನು ವಿವರಿಸಿ' ಎಂಬ ಪ್ರಶ್ನೆಗೆ ಗೈಡು ಸಾಕು. 'ನೀರು ಇಷ್ಟು, ಎತ್ತರ ಇಷ್ಟು, ಪೈಪಿನ ಉದ್ದ ಇಷ್ಟು. ಯಾವ ಪಂಪ್, ಎಷ್ಟು ಕಿಲೋವ್ಯಾಟ್, ಏಕೆ?' ಎಂದು ಕೇಳಿ, ಪುಸ್ತಕ ತೆರೆದಿಟ್ಟುಕೊಳ್ಳಲು ಬಿಡಿ. ಮೊದಲ ಸಲ ಫಲಿತಾಂಶ ನೆಲಕಚ್ಚುತ್ತದೆ. ಆಗ ಗ್ರೇಸ್ ಮಾರ್ಕ್ಸ್ ಹಂಚಿ ಕೈತೊಳೆದುಕೊಂಡರೆ ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಹೊಸ ಪ್ರಶ್ನೆಗಳ ಪಾಲನ್ನು ವರ್ಷ ವರ್ಷ ಏರಿಸುತ್ತಾ ಹೋಗುವುದು ಕ್ಷೇಮ.

ಕಟ್ಟಡ ಕೊನೆಗೆ. ಅನುದಾನ ಮಾತ್ರ ಮೊದಲು ಹರಿಯುವುದು ಅಲ್ಲಿಗೇ, ರಿಬ್ಬನ್ ಕತ್ತರಿಸಲು ಬರುವುದು ಅದೊಂದೇ ನೋಡಿ!

ಫಲ ಅಳೆಯುವುದಕ್ಕೆ ಕಾಲೇಜಿನವರು ಕೊಡುವ ಪ್ಲೇಸ್‌ಮೆಂಟ್ ಅಂಕಿ ನಂಬಬೇಡಿ. ಕೆಲಸ ಸಿಕ್ಕವರನ್ನಷ್ಟೇ ಎಣಿಸುವುದು, ಆಫರ್ ಲೆಟರನ್ನೇ ಕೆಲಸ ಅನ್ನುವುದು ಅಲ್ಲಿ ಮಾಮೂಲು. ಪದವಿಯ ದಾಖಲೆಯನ್ನು ತೆರಿಗೆ ಅಥವಾ ಭವಿಷ್ಯನಿಧಿಯ ದಾಖಲೆಗೆ ಹೊಂದಿಸಿ, ಹೆಸರು ತೆಗೆದು, ಓದು ಮುಗಿದು ಎರಡು ಮತ್ತು ಐದು ವರ್ಷಗಳ ನಂತರದ ಮಧ್ಯಾಂಕ ಸಂಬಳವನ್ನು (ಎಲ್ಲರ ಸಂಬಳವನ್ನು ಏರಿಕೆಯ ಕ್ರಮದಲ್ಲಿಟ್ಟಾಗ ನಟ್ಟನಡುವೆ ಬರುವುದನ್ನು) ಕೋರ್ಸ್‌ವಾರು ಪ್ರಕಟಿಸಬೇಕು. ಪ್ರವೇಶದ ಹೊತ್ತಿಗೆ ಅಂಕಗಳೆಷ್ಟಿದ್ದವು ಎಂಬುದೂ ಪಕ್ಕದಲ್ಲೇ ಇರಲಿ. ಇಲ್ಲದಿದ್ದರೆ ಜಾಣರನ್ನೇ ಆರಿಸಿಕೊಂಡ ಕಾಲೇಜು ತಾನೇ ಕಲಿಸಿದೆ ಎಂದು ಬೀಗುತ್ತದೆ.