ಸಗಟು ರೇಟ್ ಸೊನ್ನೆ, ನನ್ ಬಿಲ್ ಮಾತ್ರ ಹಂಗೇ

ಈ ಕರೆಂಟ್ ಮಾರ್ಕೆಟ್ ಲೆಕ್ಕ ಕೇಳಿದ್ರೆ ತಲೆ ಕೆಟ್ಟೋಗುತ್ತೆ ಮಾರಾಯ್ರೆ. ಯಾರು ಕಮ್ಮಿಗೆ ಕೊಡ್ತೀನಿ ಅಂತಾರೋ ಅವರಿಂದ ಮೊದಲು ತಗೋತಾ ಹೋಗ್ತಾರೆ, ಬಿಸಿಲು ಗಾಳಿದು ಮುಂದೆ ಯಾಕಂದ್ರೆ ಅದಕ್ಕೆ ಇಂಧನದ ಖರ್ಚೇ ಇಲ್ಲ, ಆಮೇಲೆ ಮಿಕ್ಕಿದ್ದು, ಕೊನೆಗೆ ಬೇಡಿಕೆ ಮುಟ್ಟೋಕೆ ಒಂದು ಗ್ಯಾಸ್ ಪ್ಲಾಂಟ್ ಬೇಕಾಯ್ತು ಅನ್ಕೊಳ್ಳಿ, ಆ ಕೊನೆಯವನ ರೇಟೇ ಎಲ್ರಿಗೂ! 2022ರಲ್ಲಿ ಯುರೋಪಲ್ಲಿ ಗ್ಯಾಸ್ ದುಬಾರಿಯಾದಾಗ ಕರೆಂಟೂ ಮೇಲೆ ಹಾರಿದ್ದು ಹಿಂಗೇ. ಸರಿ, ಇದಕ್ಕೂ ಒಂದು ಲಾಜಿಕ್ ಇದೆ, ಅವರವರು ಕೇಳಿದಷ್ಟೇ ಕೊಟ್ರೆ ಎಲ್ರೂ ಕೊನೆ ರೇಟ್ ಊಹಿಸಿ ಬಿಡ್ ಹಾಕ್ತಾರೆ, ಒಪ್ಕೋತೀನಿ.

ಆದ್ರೆ ಜರ್ಮನಿ, ಕ್ಯಾಲಿಫೋರ್ನಿಯಾ ಕಡೆ ಬಿಸಿಲು ಜೋರಿದ್ದಾಗ ಸಗಟು ರೇಟ್ ಸೊನ್ನೆಗಿಂತ ಕೆಳಗೂ ಹೋಗುತ್ತಲ್ಲ, ಅಂದ್ರೆ ಮಾರೋರೇ 'ದುಡ್ಡೂ ಕೊಡ್ತೀವಿ, ಕರೆಂಟ್ ತಗೊಳ್ಳಿ' ಅನ್ನೋ ಸ್ಥಿತಿ, ಅದೇ ಹೊತ್ತಲ್ಲಿ ಯಾವ ಹೊತ್ತಿಗೂ ಒಂದೇ ರೇಟ್ ಅನ್ನೋ ಟಾರಿಫ್‌ನಲ್ಲಿರೋ ಮನೆಯವ್ರಿಗೆ ಏನ್ ಸಿಗುತ್ತೆ? ಏನೂ ಇಲ್ಲ. ತಂತಿ ಬಾಡಿಗೆ, ತೆರಿಗೆ ಬಿಲ್ಲಲ್ಲಿ ಇದ್ದೇ ಇರುತ್ತೆ, ಫಿಕ್ಸೆಡ್ ಚಾರ್ಜ್ ಅಂತೂ ಮನೆಗೆ ಬೀಗ ಹಾಕಿ ಹೋದ್ರೂ ತಪ್ಪಲ್ಲ. ಇದನ್ನೆಲ್ಲ ನೋಡ್ಕೊಳ್ಳೋಕೆ, ರೇಟ್‌ಗೆ ಒಪ್ಪಿಗೆ ಕೊಡೋಕೆ ರೆಗ್ಯುಲೇಟರ್ ಇದಾರಲ್ಲ ಅಂತೀರಾ, ಎಷ್ಟೋ ಕಡೆ ಅವರು ಕರೆಂಟ್ ಕಂಪನಿ ಹಾಕಿದ ಬಂಡವಾಳದ ಮೇಲೆ ಇಂತಿಷ್ಟು ಪರ್ಸೆಂಟ್ ಲಾಭ ಅಂತ ಕಟ್ಟಿಕೊಡ್ತಾರೆ, ಮತ್ತೆ ಕಮ್ಮಿ ಖರ್ಚು ಮಾಡೋಕೆ ಕಂಪನಿಯವ್ರಿಗೇನ್ ಹುಚ್ಚಾ?